ಹಿತ್ತಲ ಗಿಡ ಮದ್ದಾಗುವ ಬಗೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವು ಬಳಸುವುದೆಲ್ಲ ಚುಚ್ಚುವುದಕ್ಕೆ. ಊರಿನ ಪಂಡಿತರನ್ನು ಬಿಟ್ಟು ಪಟ್ಟಣದ ಡಾಕ್ಟರ ಬಾಗಿಲು ಕಾಯುವವನಿಗೆ, ಮನೆಮಗಳ ಹಾಡಿಗೆ ಕಿವಿಗೊಡದೆ ದುಡ್ಡು ಕೊಟ್ಟು ಕಛೇರಿಗೆ ಹೋಗುವವನಿಗೆ ಇದೊಂದು ಏಟು ಬಿದ್ದೇ ಬೀಳುತ್ತದೆ. ಕೈಗೆಟುಕುವುದಕ್ಕೆ ಬೆಲೆಯಿಲ್ಲ, ದೂರದ ಬೆಟ್ಟವೇ ನುಣ್ಣಗೆ ಎಂಬುದು ರೂಢಿಯ ಅರ್ಥ. ಅದು ಸರಿಯೇ. ಆದರೆ ಗಾದೆಯಲ್ಲಿ ಬೈಗುಳವಲ್ಲದ ಇನ್ನೊಂದು ಮಾತೂ ಇದೆ. ಐವತ್ತು ದಾಟಿದ ಮೇಲೆ ಕಾಫಿಯ ರುಚಿ ಹತ್ತಿದಾಗ ನನಗೆ ಅದು ಹೊಳೆಯಿತು.

ಮೂಡಿಗೆರೆ ಕಡೆಯ ನಮ್ಮಂಥವರಿಗೆ ಕಾಫಿ ನಿಜಕ್ಕೂ ಹಿತ್ತಲ ಗಿಡವೇ. ಬಚ್ಚಲುಮನೆ ದಾಟಿದರೆ ತೋಟ. ದೇಶದ ಕಾಫಿಯಲ್ಲಿ ಶೇ. 70ರಷ್ಟು ಕರ್ನಾಟಕದ್ದು, ಅದೂ ಬಹುಪಾಲು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದು. ಬೇಸಿಗೆಯಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ಘಮ್ಮೆನ್ನುತ್ತದೆ. ಅರೇಬಿಕ ಕುಯ್ಲಿನ ಹೊತ್ತಿಗೆ ಹುಡುಗರಾದ ನಾವು ಕೆಂಪು ಹಣ್ಣು ಚೀಪಿ ಬೀಜ ಉಗಿಯುತ್ತಿದ್ದೆವು, ತಿರುಳು ಸಿಹಿ. ಕಾಫಿ ಕಹಿ ಎಂದು ಗೊತ್ತಾದದ್ದು ಲೋಟ ಹಿಡಿಯುವ ವಯಸ್ಸು ಬಂದ ಮೇಲೆ.

ದೊಡ್ಡವರ ಬಾಯಲ್ಲಿ ದಿನವೆಲ್ಲ ಕಾಫಿಯದೇ ಮಾತು. ಔಟ್‌ಟರ್ನ್ ಎಷ್ಟು ಬಂತು, 50 ಕೆ.ಜಿ. ಚೀಲಕ್ಕೆ ರೇಟು ಎಷ್ಟು, ಕಾಂಡಕೊರಕ ಯಾವ ಪಟ್ಟೆಗೆ ಬಿತ್ತು, ಕಣದಲ್ಲಿ ಹರವಿದ್ದಕ್ಕೆ ಮೋಡ ಬಂತಲ್ಲ. ನಮ್ಮ ತೋಟದ ಕಾಫಿಯ ರುಚಿ ಹೇಗೆ ಎಂದು ಕೇಳಿದವರನ್ನು ಮಾತ್ರ ನಾನು ಕಾಣೆ.

ಇದನ್ನು ಬೆಳೆಗಾರನ ಉದಾಸೀನ ಎಂದುಬಿಟ್ಟರೆ ಗಾದೆಯ ಏಟು ತಪ್ಪು ಬೆನ್ನಿಗೆ ಬೀಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆಗಾರ ಕಂಗಾಲಾದಾಗ ಬಂದದ್ದು 1942ರ ಕಾಫಿ ಕಾಯ್ದೆ. ಮನೆ ಖರ್ಚಿಗೆ, ಬಿತ್ತನೆಗೆ ಇಟ್ಟುಕೊಳ್ಳುವಷ್ಟನ್ನು ಬಿಟ್ಟು ಉಳಿದ ಬೆಳೆಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗಬೇಕು; ಮಾರುವುದು ಬೋರ್ಡು, ಹಣ ಬರುವುದು ಕಂತಿನಲ್ಲಿ. ಆ ವ್ಯವಸ್ಥೆ ಬೆಳೆಗಾರನನ್ನು ಉಳಿಸಿದ್ದೂ ಹೌದು. 1990ರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಹೋಯಿತು. ಅಲ್ಲಿಗೆ ಅರ್ಧ ಶತಮಾನ ನಮ್ಮವರು ಬೀಜದವರೆಗೆ ಬಲ್ಲವರಾದರು. ಬೀಜದಿಂದ ಲೋಟದವರೆಗಿನ ದಾರಿ ಬೇರೆಯವರ ಕೈಯಲ್ಲಿತ್ತು. ಒಳ್ಳೆಯ ಬೀಜ ಹಡಗು ಹತ್ತಿತು. ನಮ್ಮ ಮನೆಯ ಡಬ್ಬಕ್ಕೆ ಬಂದದ್ದು ನೆಲಕ್ಕುದುರಿದ್ದು, ನೀರಿನಲ್ಲಿ ತೇಲಿದ್ದು, ಆರಿಸಿ ಬಿಸಾಕಿದ್ದು. ಅದರ ಹುಳುಕು ನಾಲಿಗೆಗೆ ತಿಳಿಯದಂತೆ ಕರ್ರಗೆ ಹುರಿದು, ಆ ಕಹಿ ತಿಳಿಯದಂತೆ ಬೆಲ್ಲ ಹಾಕಿ ಕುದಿಸುತ್ತಿದ್ದರು. ನಾನೂ ಕುಡಿಯುತ್ತಿದ್ದೆ, ಬಿಸಿ ಬೇಕೆಂದು.

ಈಗ ಗಾದೆಯನ್ನು ಕೊಂಕಿಲ್ಲದೆ, ಬರೀ ವರದಿಯಂತೆ ಓದಿ ನೋಡಿ. ಹಿತ್ತಲ ಗಿಡ ಮದ್ದಲ್ಲ. ಹೌದು, ಯಾವ ಗಿಡವೂ ನಿಂತ ಜಾಗದಲ್ಲೇ ಮದ್ದಲ್ಲ. ಹೊತ್ತು ನೋಡಿ ಕೀಳಬೇಕು, ನೆರಳಲ್ಲೋ ಬಿಸಿಲಲ್ಲೋ ಒಣಗಿಸಬೇಕು, ಅರೆಯಬೇಕು, ಕುದಿಸಬೇಕು, ಅನುಪಾನ ಕೂಡಿಸಬೇಕು. ಗಿಡಕ್ಕೂ ಮದ್ದಿಗೂ ನಡುವೆ ಒಬ್ಬರ ಕೆಲಸವಿದೆ. ಹಿತ್ತಲಲ್ಲಿದೆ ಎಂಬ ಭರವಸೆ ಆ ಕೆಲಸವನ್ನು ನಾಳೆಗೆ ನೂಕುತ್ತದೆ, ಅಷ್ಟೇ.

ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಕೈಹಾಕಿದವನು ಬೆಂಗಳೂರಿನ ನೌಕರಿ ಬಿಟ್ಟು ಬಂದ ಅಣ್ಣನ ಮಗ. ಹಣ್ಣಾದದ್ದನ್ನಷ್ಟೇ ಕುಯ್ಯಿಸಿ, ತಿರುಳು ತೆಗೆದು ಒಣಗಿಸಿ ಮಾಡಿದ ಪಾರ್ಚ್‌ಮೆಂಟಿನ ಸಿಪ್ಪೆ ಬಿಡಿಸಿ, ಎರಡು ಹಿಡಿ ಬೀಜ ಬಾಣಲೆಗೆ ಹಾಕಿ ಕೈಬಿಡದೆ ಆಡಿಸಿದ. ಹಸಿರುಬೂದಿ ಬಣ್ಣ ಹಳದಿಗೆ ತಿರುಗಿತು, ಒಣಹುಲ್ಲಿನ ವಾಸನೆ. ಕಂದು ಬರುತ್ತಿದ್ದಂತೆ ಹೊಟ್ಟು ಹಾರತೊಡಗಿತು, ಬೀಜ ಚಟಚಟ ಸಿಡಿಯಿತು. ಸಿಡಿತ ನಿಲ್ಲುತ್ತಲೇ ಇಳಿಸಿ ಮೊರಕ್ಕೆ ಸುರಿದು ಬೀಸಿದ. ‘ಇನ್ನೂ ಕಪ್ಪಾಗ್ಬೇಕಲ್ಲೋ’ ಎಂದೆ. ‘ಕಪ್ಪಾದ್ರೆ ಎಲ್ಲರ ತೋಟದ್ದೂ ಒಂದೇ ರುಚಿ, ಚಿಕ್ಕಪ್ಪ’ ಎಂದ. ಎರಡು ದಿನ ಬಿಟ್ಟು ಪುಡಿ ಮಾಡಿ, ಫಿಲ್ಟರಿಗೆ ಹಾಕಿ, ಹಾಲು ಬೆರೆಸದೆ ಕೊಟ್ಟ. ಮೊದಲು ತೆಳ್ಳನೆಯ ಹುಳಿ, ಹಿಂದೆಯೇ ಕಹಿ, ನುಂಗಿದ ಮೇಲೆ ಗಂಟಲಲ್ಲಿ ಉಳಿದದ್ದು ಒಂದು ಬಗೆಯ ಸಿಹಿ.

ಅವನು ಹೇಳಿದ್ದರಲ್ಲಿ ತಥ್ಯವಿದೆ. ಕಾಫಿಯ ಕಹಿಯಲ್ಲಿ ಕೆಫೀನಿನ ಪಾಲು ಕಡಿಮೆ. ಬೀಜದೊಳಗಿನ ಕ್ಲೋರೋಜೆನಿಕ್ ಆಮ್ಲಗಳು ಹುರಿಯುವಾಗ ಒಡೆದು ಬೇರೆ ರೂಪ ತಾಳುವುದರಿಂದಲೇ ಬಹುಪಾಲು ಕಹಿ ಹುಟ್ಟುತ್ತದೆ. ಹುರಿದಷ್ಟೂ ಹುಳಿ ಅಳಿಯುತ್ತದೆ, ಕಹಿ ಒರಟಾಗುತ್ತದೆ. ಅಂದರೆ ನಾವು ಗಿಡದ ತಲೆಗೆ ಕಟ್ಟಿದ ದೋಷದಲ್ಲಿ ಅರ್ಧ ಬಾಣಲೆಯದ್ದು.

ಉಳಿದರ್ಧ ನಾಲಿಗೆಯದ್ದು. ಮದ್ದಿಗೆ ರೋಗಿಯೂ ಪಕ್ವವಾಗಬೇಕು. ಸಿಹಿಯನ್ನು ಮಗುವಿಗೆ ಯಾರೂ ಕಲಿಸಬೇಕಿಲ್ಲ. ಕಹಿಯನ್ನು ಅದು ಹುಟ್ಟುತ್ತಲೇ ಉಗಿಯುತ್ತದೆ, ವಿಷಕ್ಕೆ ಕಹಿಯೇ ಗುರುತಾದ್ದರಿಂದ. ಕುಡಿದು ಕುಡಿದು, ಕುಡಿದ ಮೇಲಿನ ಚುರುಕು ಮೈಗೆ ಒಗ್ಗಿದ ಮೇಲಷ್ಟೇ ಕಹಿ ಬೇಕೆನಿಸುವುದು. 2018ರಲ್ಲಿ ಪ್ರಕಟವಾದ, ಬ್ರಿಟನ್ನಿನ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿದ ಅಧ್ಯಯನವೊಂದು ಕೆಫೀನಿನ ಕಹಿ ಹುಟ್ಟಿನಿಂದಲೇ ಹೆಚ್ಚು ತಟ್ಟುವವರು ಕಾಫಿ ಕುಡಿಯುವುದೂ ಹೆಚ್ಚು ಎಂದು ಕಂಡಿತು. ಕಹಿ ತಿಳಿಯದವನಿಗೆ ಕಾಫಿ ಒಲಿಯುತ್ತದೆ ಎಂದುಕೊಂಡಿದ್ದರೆ ಅದು ತಲೆಕೆಳಗು.

ಹಾಗಾದರೆ ಗಿಡ ದೂರದ್ದಾದರೆ ಮಾತ್ರ ನಮಗೆ ಹದವಾಗಿ ಹುರಿಯುವ, ರುಚಿ ಕಲಿಯುವ ಈ ಶ್ರದ್ಧೆ ಬರುವುದೇ? ಬಾಬಾಬುಡನ್‌ಗಿರಿಯ ಪ್ರತೀತಿಯನ್ನು ನೆನೆಯಿರಿ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜಗಳನ್ನು ಬಚ್ಚಿಟ್ಟು ತಂದರಂತೆ. ಎಣಿಸಿ, ಅಡಗಿಸಿ ತರುವಷ್ಟು ದೊಡ್ಡ ವಸ್ತು ಗುಡ್ಡವಿಡೀ ಹಬ್ಬಿ ಹಿತ್ತಲಿಗಿಳಿಯಿತು. ಹಿತ್ತಲಿಗಿಳಿದ ಮೇಲೆ ಅದು ಬರೀ ಫಸಲು. ಆದ್ದರಿಂದ ದೂರ-ಹತ್ತಿರದ ಲೆಕ್ಕ ಇಲ್ಲಿ ಮೇಲುಮೇಲಿನದು. ತಂದವನು ಅದನ್ನು ಕುಡಿಯುವ ಕಣ್ಣಿನಿಂದ ನೋಡಿದ್ದ, ಬೆಳೆದವರು ತೂಗುವ ಕಣ್ಣಿನಿಂದ ನೋಡಿದೆವು.

ಇವತ್ತೂ ನಮ್ಮ ಕಾಫಿಯ ದೊಡ್ಡ ಪಾಲು ರಫ್ತಾಗುತ್ತದೆ, ಇಟಲಿಯೇ ಮುಖ್ಯ ಗಿರಾಕಿ. ಹೋಗಲಿ, ತೋಟ ನಡೆಯುವುದೇ ಅದರಿಂದ. ಆದರೆ ಪೂಲು ಹೋಗಿ ಕಾಲವಾಯಿತು. ಒಂದು ಚೀಲ ಒಳ್ಳೆಯ ಬೀಜವನ್ನು ಮನೆಗೆ ಉಳಿಸಿಕೊಳ್ಳಲು ಈಗ ಯಾರ ಅಪ್ಪಣೆಯೂ ಬೇಡ. ಬೆಳೆಗಾರರ ಸಭೆಯಲ್ಲಿ ರೇಟಿನ ಚರ್ಚೆ ಮುಗಿದು ಕಾಫಿ ಬಂದಾಗ, ಇದು ಯಾರ ತೋಟದ್ದು, ಹುರಿದವರು ಯಾರು ಎಂದು ಕೇಳುವ ಪರಿಪಾಠ ಶುರುವಾಗಲಿ. ಉತ್ತರ ಕೊಡಬಲ್ಲವರು ಹೆಚ್ಚಿದಷ್ಟೂ ಈ ಗಾದೆಗೆ ನಮ್ಮ ಸೀಮೆಯಲ್ಲಿ ಕೆಲಸ ಕಡಿಮೆಯಾದೀತು.