ಪೀಠದ ಮೇಲಿನ ಹೆಸರು



ದೇವಾಲಯವನ್ನು ಪ್ರವೇಶಿಸಿದೊಡನೆ ನಮ್ಮ ದೃಷ್ಟಿ ಭಗವಂತನ ಮುಖಕಮಲದಲ್ಲಿ ನೆಲೆಗೊಳ್ಳುತ್ತದೆ. ಅದು ಯುಕ್ತವೇ ಸರಿ. ಆದರೆ ಆ ಮುಖವನ್ನು ಶಿಲೆಯಿಂದ ಹೊರತಂದ ಕೈ ಯಾರದೆಂದು ಚಿಂತಿಸುವವರು ವಿರಳ. ಅರ್ಚಕರ ಮನೆಯಲ್ಲಿ ಹುಟ್ಟಿ, ಬಾಲ್ಯದಿಂದಲೂ ಅಭಿಷೇಕದ ನೀರನ್ನು ಹೊತ್ತ ನಾನೂ ಬಹುಕಾಲ ಚಿಂತಿಸಿರಲಿಲ್ಲ. ಸೋಮನಾಥಪುರದ ಕೇಶವಾಲಯವು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಿತು.

ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 1258ರಲ್ಲಿ ಕಟ್ಟಿಸಿದ ಈ ತ್ರಿಕೂಟಾಲಯದ ಹೊರಗೋಡೆಯ ಸುಮಾರು 40 ಮೂರ್ತಿಗಳ ಪೀಠದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ಅದಕ್ಕೂ ಮೊದಲು, 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹಾಲಯದಲ್ಲಿ ದಕ್ಷಿಣದ ಗೋಡೆಯನ್ನು ಬೈಚೋಜನೂ ಉತ್ತರದ ಗೋಡೆಯನ್ನು ಮಲ್ಲಿತಮ್ಮನೂ ಅಲಂಕರಿಸಿದರು. 1196ರ ಅಮೃತಾಪುರದ ದೇಗುಲದಲ್ಲಿಯೂ ಅವನ ಕೈಯನ್ನು ಗುರುತಿಸುವ ವಿದ್ವಾಂಸರು, ಅವನು ಸುಮಾರು 60 ವರ್ಷ ಉಳಿ ಹಿಡಿದನೆಂದು ಎಣಿಸುತ್ತಾರೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದು. ಗಾಳಿ ತಗುಲಿದಂತೆ ಗಟ್ಟಿಯಾಗುವುದು. ಅಂತಹ ಕಲ್ಲಿನೊಡನೆ ಒಂದು ಆಯುಷ್ಯವೇ ಸವೆಯಿತು.

ದೇವರ ಪಾದದ ಬಳಿ ತನ್ನ ಹೆಸರನ್ನು ಕೊರೆಯುವುದು ಅಹಂಕಾರವಲ್ಲವೇ ಎಂದು ಕೇಳಬಹುದು. ಜೀವನು ಕರ್ತನೇ ಅಲ್ಲವೆಂದು ನಮ್ಮ ಸಿದ್ಧಾಂತವು ಹೇಳುವುದಿಲ್ಲ. ಅವನು ಕರ್ತನು, ಆದರೆ ಸ್ವತಂತ್ರಕರ್ತನಲ್ಲ. ಶ್ರೀಹರಿಯ ಅಧೀನನಾಗಿ ಮಾಡುವವನು. ಮಲ್ಲಿತಮ್ಮನು ತನ್ನ ಹೆಸರನ್ನು ಕೆಲವೆಡೆ 'ಮಲ್ಲಿ' ಎಂದೂ, ಕೆಲವೆಡೆ ಬರಿಯ 'ಮ' ಎಂದೂ ಬರೆದನು. ಮೂರ್ತಿಗೆ ಪೂರ್ಣರೂಪ, ಮಾಡಿದವನಿಗೆ ಒಂದೇ ಅಕ್ಷರ! ಅವನ ಮನಸ್ಸಿನಲ್ಲಿ ಏನಿತ್ತೋ ಶ್ರೀಹರಿಯೇ ಬಲ್ಲ. ಪರಾಧೀನಕರ್ತೃತ್ವಕ್ಕೆ ನನಗಂತೂ ಇದಕ್ಕಿಂತ ಸುಲಭವಾದ ದೃಷ್ಟಾಂತ ದೊರೆತಿಲ್ಲ.

ಇನ್ನೊಂದು ಮಾತು. ಅಲ್ಲಿ ಮೊದಲು ಪ್ರತಿಷ್ಠಿತವಾಗಿದ್ದ ಕೇಶವಮೂರ್ತಿ ಇಂದಿಲ್ಲ, ನಿತ್ಯಪೂಜೆಯೂ ಇಲ್ಲ. 2023ರಲ್ಲಿ ಆ ದೇಗುಲವು ಬೇಲೂರು, ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅರ್ಚಿಸಿದ ನಮ್ಮಂಥವರ ಹೆಸರು ಯಾವುದೂ ಜನರ ನೆನಪಿನಲ್ಲಿಲ್ಲ. ಕಲ್ಲು ಕಡೆದವನ ಒಂದಕ್ಷರ ಉಳಿದಿದೆ. ಇದನ್ನು ನೆನೆದಾಗ ನನ್ನ ತಲೆ ತಾನಾಗಿ ಬಾಗುತ್ತದೆ.

ಪ್ರತಿಮೆಯು ದೇವರಲ್ಲ, ದೇವರ ಅಧಿಷ್ಠಾನ. ಆ ಅಧಿಷ್ಠಾನವನ್ನು ಸಿದ್ಧಪಡಿಸಿದ ಶಿಲ್ಪಿಯು ಪ್ರತಿಷ್ಠೆಯಾದೊಡನೆ ಹಿಂದೆ ಸರಿಯುತ್ತಾನೆ. ಮುಂದೆ ಬರುವವರು ನಾವು. ಆದುದರಿಂದ ಮುಂದೆ ಎಲ್ಲಿ ಪ್ರತಿಷ್ಠೆ ನಡೆದರೂ ದಾನಿಗಳ ಫಲಕದಲ್ಲಿ ಶಿಲ್ಪಿಯ ಹೆಸರಿಗೂ ಒಂದು ಸಾಲನ್ನು ಬಿಡೋಣ.

ಶ್ರೀಕೃಷ್ಣಾರ್ಪಣಮಸ್ತು.