ವರದಿ ನಾರ್ಮಲ್, ನೋವು ನಿಜ

ರಾಮನಗರದ ಬಿಚ್ಚಣಿಕೆ ಮನೆಯಲ್ಲಿ ಕುದಿನೀರಿನ ಆವಿಗೆ ಮುಖವೊಡ್ಡಿ ದಿನವಿಡೀ ರೇಷ್ಮೆಗೂಡಿನಿಂದ ನೂಲೆಳೆಯುವ ಹೆಂಗಸು, ಎದೆ ಡವಡವ ಅನ್ನುತ್ತೆ, ಕೈಕಾಲು ಜೋಮು ಹಿಡಿಯುತ್ತೆ ಎಂದು ಆಸ್ಪತ್ರೆಗೆ ಬಂದರೆ ಇಸಿಜಿ, ರಕ್ತಪರೀಕ್ಷೆ ನಡೆಯುತ್ತವೆ. ವರದಿ ನಾರ್ಮಲ್ ಬಂದರೆ ಸಿಗುವ ಉತ್ತರ: ‘ನಿಮಗೇನೂ ಇಲ್ಲಮ್ಮ, ಟೆನ್ಶನ್ ಮಾಡ್ಕೋಬೇಡಿ.’ ಯಂತ್ರಕ್ಕೆ ಕಂಡದ್ದು ರೋಗ, ಕಾಣದ್ದು ಬರೀ ಭ್ರಮೆ ಎಂಬ ತತ್ತ್ವವೊಂದು ಈ ಮಾತಿನ ಬುಡದಲ್ಲಿದೆ. 17ನೇ ಶತಮಾನದಲ್ಲಿ ತತ್ತ್ವಜ್ಞಾನಿ ದೆಕಾರ್ತ್ ದೇಹ, ಮನಸ್ಸುಗಳ ನಡುವೆ ಎಳೆದ ಗೆರೆ ತಾಲ್ಲೂಕು ಆಸ್ಪತ್ರೆಯ ಒಪಿಡಿ ಚೀಟಿಯವರೆಗೂ ಬಂದಿದೆ. ಚರಕಸಂಹಿತೆ ಶರೀರ, ಮನಸ್ಸು ಎರಡನ್ನೂ ವ್ಯಾಧಿಯ ನೆಲೆಯೆಂದಿತ್ತು. ಪರಂಪರೆಯ ಹೆಮ್ಮೆಗಾಗಿ ಇದನ್ನು ಹೇಳುತ್ತಿಲ್ಲ; ನೋವುಣ್ಣುವವರಿಗೆ ಆ ಗೆರೆ ಎಂದೂ ಇರಲಿಲ್ಲ.

ಈ ಗೆರೆ ಅಳಿಸುವ ಕೆಲಸ ಕರ್ನಾಟಕದಲ್ಲೇ ಬೇಗ ಶುರುವಾಗಿತ್ತು. 1970ರ ದಶಕದಲ್ಲಿ ನಿಮ್ಹಾನ್ಸ್ ಸಕಲವಾರದ ಕೇಂದ್ರದಲ್ಲಿ ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸತೊಡಗಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು, ಅದರ ಜಿಲ್ಲಾ ಮಾದರಿ ಬಳ್ಳಾರಿಯಲ್ಲಿ ರೂಪುಗೊಂಡಿತು. 2014ರ ಮನೋಚೈತನ್ಯ ಯೋಜನೆ ಮಂಗಳವಾರದಂದು ಮನೋವೈದ್ಯರನ್ನು ತಾಲ್ಲೂಕಿಗೇ ಕರೆತಂದಿತು. ಇದು ದೊಡ್ಡ ಹೆಜ್ಜೆಯೇ. ಆದರೆ ಎದೆನೋವೆಂದು ಬಂದವಳು ಮಂಗಳವಾರದ ಸಾಲಿನಲ್ಲಿ ನಿಲ್ಲುವುದಿಲ್ಲ. ಅವಳ ಪಾಲಿಗೆ ಅದು ಹುಚ್ಚಿನ ಸಾಲು. ಮನಸ್ಸಿಗೆ ಬೇರೆ ಕೊಠಡಿ ಕೊಟ್ಟು ತಪ್ಪು ಮಾಡಿದೆವೆಂದಲ್ಲ, ಮೊದಲ ಕೊಠಡಿಯಲ್ಲಿ ಅದಕ್ಕೆ ಜಾಗವನ್ನೇ ಇಡಲಿಲ್ಲ. ಆ ಜಾಗ ಇಡಲು ಸಾಧ್ಯವೆಂಬುದಕ್ಕೆ ಜರ್ಮನಿಯೇ ಉದಾಹರಣೆ: ಅಲ್ಲಿ ಮನಸ್ಸು, ದೇಹ ಎರಡನ್ನೂ ಒಟ್ಟಿಗೆ ನೋಡುವ ಮನೋದೈಹಿಕ ವೈದ್ಯಕೀಯ ಪ್ರತ್ಯೇಕ ತಜ್ಞಶಾಖೆಯಾಗಿದೆ. ಸಾಮಾನ್ಯ ವೈದ್ಯರು ಕೊಡುವ ಪ್ರಾಥಮಿಕ ಮನೋದೈಹಿಕ ಆರೈಕೆಗೂ ಆರೋಗ್ಯ ವಿಮೆ ಹಣ ಕೊಡುತ್ತದೆ.

ಹೊಟ್ಟೆಹುಣ್ಣಿಗೆ ಚಿಂತೆಯೇ ಕಾರಣವೆನ್ನುತ್ತಿದ್ದ ಕಾಲದಲ್ಲಿ ವೈದ್ಯವಿಜ್ಞಾನಿಗಳಾದ ಮಾರ್ಷಲ್, ವಾರೆನ್ ಅದರ ಹಿಂದಿನ ಬ್ಯಾಕ್ಟೀರಿಯಾವನ್ನು ತೋರಿಸಿದರು, 2005ರಲ್ಲಿ ನೊಬೆಲ್ ಪಡೆದರು. ಹಾಗಾದರೆ ಮನಸ್ಸಿನ ಮಾತೆಲ್ಲ ಅಜ್ಞಾನದ ಇನ್ನೊಂದು ಹೆಸರೇ? ಆಕ್ಷೇಪ ಗಟ್ಟಿಯಾದದ್ದು. ಬಿಚ್ಚಣಿಕೆಯವರ ದಮ್ಮು ಎಷ್ಟೋ ಸಲ ನಿಜವಾದ ಅಸ್ತಮಾ. ಅದನ್ನು ಟೆನ್ಶನ್ ಎಂದು ತಳ್ಳಿಹಾಕುವುದು ಅನ್ಯಾಯ. ಆದರೆ ಬ್ಯಾಕ್ಟೀರಿಯಾದ ಆ ಶೋಧ ಸೋಲಿಸಿದ್ದು ‘ಇದು ಇಲ್ಲವೇ ಅದು’ ಎಂಬ ಹಟವನ್ನು. ಅಸ್ತಮಾ ಇರುವವರಿಗೂ ಭಯ ಉಸಿರು ಕಟ್ಟಿಸುತ್ತದೆ. ಗೂಡಿನ ದರ, ಕೈಸಾಲ, ಬಡತನವನ್ನೆಲ್ಲ ಮಾತ್ರೆಯಲ್ಲಿ ಮುಚ್ಚುತ್ತೀರಾ ಎಂಬ ಪ್ರಶ್ನೆ ಇನ್ನೂ ಹರಿತ. ಸಾಲವನ್ನು ವೈದ್ಯರು ತೀರಿಸಲಾರರು. ಆದರೆ ಅವರು ಕೇಳದೇ ಇದ್ದರೆ ಆ ಸಾಲ ಕಾಯಿಲೆಯ ಕಾರಣವೆಂದು ಎಲ್ಲೂ ದಾಖಲಾಗುವುದೇ ಇಲ್ಲ. ಇದನ್ನೆಲ್ಲ ಕೇಳಲು ಸಮಯವಿಲ್ಲ ಎನ್ನುವವರು, ಅದೇ ರೋಗಿ ಮಾಗಡಿ, ಕನಕಪುರದಿಂದ ಬೆಂಗಳೂರಿನವರೆಗೆ ಗ್ಲೂಕೋಸ್, ಸ್ಕ್ಯಾನ್ ಎಂದು ಅಲೆದು ಕಳೆದುಕೊಳ್ಳುವ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಚನ್ನಪಟ್ಟಣದ ಒಪಿಡಿಯಲ್ಲಿ ಬಿಪಿ ನೋಡುವಾಗಲೇ ನಿದ್ದೆ, ಊಟ, ಮನೆಯ ಕಷ್ಟ ವಿಚಾರಿಸಬಹುದು, ಉತ್ತರವನ್ನು ಅದೇ ಚೀಟಿಯಲ್ಲಿ ಬರೆಯಬಹುದು. ಅದಕ್ಕೆ ಹೊಸ ಯಂತ್ರ ಬೇಡ. ಆ ವೈದ್ಯರಿಗೆ ತರಬೇತಿ ಬೇಕು, ಕೇಳುವಷ್ಟು ಸಮಯ ಸಿಗಲು ಜೊತೆಗೆ ಇನ್ನೊಬ್ಬ ವೈದ್ಯರು ಬೇಕು.