ಯಾವ ಜಾತಿ ನಾಯಿ?

ಮನೆಯಲ್ಲಿ ನಾಯಿ ಸಾಕಿದ್ದೇವೆ ಎಂದರೆ ಸಾಕು, ಎದುರಿನವರ ಮೊದಲ ಪ್ರಶ್ನೆ "ಯಾವ ಜಾತಿ?" ಎಂದೇ. ಹೆಸರೇನು, ವಯಸ್ಸೆಷ್ಟು ಎಂಬುದೆಲ್ಲ ಆಮೇಲಿನ ಮಾತು. ಲ್ಯಾಬ್ರಡಾರ್ ಎಂದರೆ ಮುಖ ಅರಳುತ್ತದೆ. ಬೀದಿಯಿಂದ ತಂದದ್ದು ಎಂದರೆ "ಓ, ಕಂತ್ರಿ ನಾಯಿಯಾ!" ಎಂಬ ಉದ್ಗಾರ. ನಾಡಿನದು ಎಂಬರ್ಥದ 'ಕಂಟ್ರಿ' ಎಂಬ ಇಂಗ್ಲಿಷ್ ಮಾತೇ ನಮ್ಮ ಬಾಯಲ್ಲಿ ಕಂತ್ರಿಯಾಗಿ, ಕೊನೆಗೆ ಬೈಗುಳವೂ ಆಯಿತಂತೆ. ಮನುಷ್ಯರ ಜಾತಿ ಕೇಳುವುದು ಸಭ್ಯತೆಯಲ್ಲ ಎಂದು ತರಗತಿಯಲ್ಲಿ ಹೇಳಿಕೊಡುವ ನನಗೆ, ನಾಯಿಯ ವಿಷಯದಲ್ಲಿ ಈ ಪ್ರಶ್ನೆ ಎಷ್ಟು ಸರಿ ಎಂದು ಅನೇಕ ಸಲ ಅನ್ನಿಸಿದ್ದುಂಟು.

ಪ್ರಶ್ನೆ ಪೂರ್ತಿ ತಪ್ಪೆನ್ನಲಾರೆ. ಈ ತಳಿಗಳು ತಾವಾಗಿ ಹುಟ್ಟಿದವಲ್ಲ; ಮನುಷ್ಯ ತನ್ನ ಅನುಕೂಲಕ್ಕೆ ಮಾಡಿಕೊಂಡವು. ನಮ್ಮ ಮುಧೋಳ ನಾಯಿಯನ್ನೇ ನೋಡಿ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಕಿರಿದಾದ ತಲೆ. ಕಣ್ಣಿಗೆ ಬಿದ್ದ ಬೇಟೆಯನ್ನು ಬಯಲಲ್ಲಿ ಅಟ್ಟಿಸಿಕೊಂಡು ಹೋಗಲೆಂದೇ ಬೆಳೆಸಿದ್ದು. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಮನೆಯವರಿಗೆ ನಿಷ್ಠೆ, ಹೊಸಬರು ಮೈ ಮುಟ್ಟಿದರೆ ಮುದುಡುವ ಸ್ವಭಾವ. ಓಡಲು ಜಾಗವಿಲ್ಲದಿದ್ದರೆ ಅದಕ್ಕೆ ಬದುಕೇ ಇಲ್ಲ.

ಜರ್ಮನ್ ಶೆಫರ್ಡ್ ತಳಿಯನ್ನು 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಕುರಿ ಕಾಯುವ ನಾಯಿಗಳಿಂದ ಆರಿಸಿ ರೂಪಿಸತೊಡಗಿದ. ದಿನವಿಡೀ ಕಣ್ಣಿಟ್ಟು ಕಾಯುವುದು, ಹೇಳಿದ ಕೆಲಸ ಮಾಡುವುದು ಅದರ ಸಂತೋಷ. ಲ್ಯಾಬ್ರಡಾರ್‌ನ ಪೂರ್ವಜರು ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ಜೊತೆ ಕೊರೆಯುವ ನೀರಿಗಿಳಿದು ದುಡಿದವು. ಅದಕ್ಕೆ ನೀರು, ಜನ, ತಿಂಡಿ ಮೂರೂ ಪ್ರಾಣ. ಡ್ಯಾಶ್‌ಹೌಂಡ್‌ನ ಗಿಡ್ಡ ಕಾಲು ಬಿಲಕ್ಕೆ ನುಗ್ಗಲೆಂದು ಮಾಡಿದ್ದು. ನಮ್ಮ ಗುಲಾಬಿ ಕುಂಡವನ್ನು ಅಗೆದರೆ ಅದು ಅಪ್ಪ ಅಜ್ಜಂದಿರ ವೃತ್ತಿಯನ್ನೇ ಮಾಡುತ್ತಿದೆ. ಪಗ್ ಚೀನಾದ ಅರಮನೆಯವರ ಮಡಿಲಲ್ಲಿ ಬೆಳೆದದ್ದು, ಜಗಳಗಂಟಿಯಲ್ಲ. 2003ರ ಸುಮಾರಿಗೆ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಬಂದ ಮೇಲೆ ನಮ್ಮ ಊರುಗಳಿಗೂ ಬಂತು. ಅದರ ಗೊರಕೆ ಕೇಳಿ ಮುದ್ದಾಗಿದೆ ಎಂದು ನಗುತ್ತೇವೆ. ಮುಖ ಚಪ್ಪಟೆಯಾಗಲಿ ಎಂದು ಮನುಷ್ಯ ಬಯಸಿದ್ದಕ್ಕೆ ಅದು ಉಸಿರಾಡಲು ಪಡುತ್ತಿರುವ ಪಾಡು ಆ ಸದ್ದು.

ನಮ್ಮ ಬೀದಿಯ ಒಂದು ಮನೆಗೆ ಜರ್ಮನ್ ಶೆಫರ್ಡ್ ಮರಿ ಬಂತು. ಗಂಡ ಹೆಂಡತಿ ಇಬ್ಬರೂ ನೌಕರಿಯವರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮೆಟ್ಟಿಲಿನ ಕೆಳಗೆ ಸರಪಳಿ. ಮೊದಲು ಬೊಗಳಿತು, ಆಮೇಲೆ ಹತ್ತಿರ ಹೋದವರ ಮೇಲೆಲ್ಲ ಹಲ್ಲು ಮಸೆಯಿತು. "ಈ ಜಾತಿಯೇ ಹೀಗೆ, ಹುಟ್ಟುಗುಣ ಸುಟ್ಟರೂ ಹೋಗದು" ಎಂದರು ಮನೆಯವರು. ಒಂದು ದಿನ ನಾಯಿ ಕಾಣಲಿಲ್ಲ. ಊರಾಚೆ ಬಿಟ್ಟು ಬಂದರಂತೆ.

ಹುಟ್ಟುಗುಣ ನಿಜ. ಆದರೆ ಆ ಗುಣವನ್ನು ಹುಟ್ಟಿಸಿದವರು ಯಾರು? ಕಾಯಲೆಂದು ನಾವೇ ರೂಪಿಸಿದ ಜೀವಕ್ಕೆ ಕಾಯುವುದಕ್ಕೇನೂ ಕೊಡದೆ ಕಟ್ಟಿಹಾಕಿ, ಅದು ಕೆರಳಿದಾಗ ಅದರ ಜಾತಿಯನ್ನು ದೂರುವುದು ಯಾವ ನ್ಯಾಯ?

ಇನ್ನೊಂದು ಮಾತೂ ಇದೆ. 18 ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರಿಂದ ಮಾಹಿತಿ ಪಡೆದು ಅಮೆರಿಕದ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ಬರುವುದು ಶೇಕಡಾ 9ರಷ್ಟು ಮಾತ್ರ. ಶಿಕ್ಷಕಿಯಾದ ನನಗೆ ಇದೇನೂ ಆಶ್ಚರ್ಯವಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಅಕ್ಕ ಮುಂದಿನ ಬೆಂಚಿನಲ್ಲಿ ಕೂತು ಕೈಯೆತ್ತುವವಳು, ತಂಗಿ ಕಿಟಕಿಯಾಚೆ ನೋಡುವವಳು. ಲ್ಯಾಬ್ರಡಾರ್‌ಗಳಲ್ಲೂ ಮುಂಗೋಪಿ ಇದ್ದಾನು, ಕಂತ್ರಿಯಲ್ಲೂ ಸಾಧು ಇದ್ದಾನು.

ಹಾಗಾದರೆ ಜಾತಿ ಏಕೆ ಕೇಳಬೇಕು? ಆ ಜೀವಕ್ಕೆ ಎಷ್ಟು ಓಟ ಬೇಕು, ಎಂಥ ಸೆಕೆ ತಡೆದೀತು, ಯಾವ ಕಾಯಿಲೆ ಕಾಡೀತು ಎಂದು ತಿಳಿಯಲು. ಅಂದರೆ ನಮ್ಮ ಹೊಣೆ ಎಷ್ಟೆಂದು ತಿಳಿಯಲು. ಅದರ ಯೋಗ್ಯತೆ ಅಳೆಯಲು ಆ ಪ್ರಶ್ನೆ ಬೇಡ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿಯ ಜಾತಿಯನ್ನು ಅವನು ಕೇಳಲಿಲ್ಲ. ನಂಬಿ ಬಂದದ್ದನ್ನು ಬಿಡಲಾರೆ ಎಂದನಷ್ಟೆ.

ಮಕ್ಕಳು ಮರಿ ಬೇಕೆಂದು ಹಟ ಹಿಡಿಯುತ್ತಾರೆ, ಯಜಮಾನರು ತಂದುಬಿಡುತ್ತಾರೆ. ಅನ್ನ ಹಾಕುವುದು, ಹೊಲಸು ಬಳಿಯುವುದು, ಸೂಜಿ ಹಾಕಿಸಲು ಒಯ್ಯುವುದು ಹೆಚ್ಚಿನ ಮನೆಗಳಲ್ಲಿ ನಮ್ಮ ಪಾಲಿಗೇ ಬರುತ್ತದೆ. ಆದ್ದರಿಂದ ಹೂಂ ಎನ್ನುವ ಮೊದಲು ಕೇಳುವ ಹಕ್ಕೂ ನಮ್ಮದೇ. ಹಗಲಿಡೀ ಮನೆಯಲ್ಲಿ ಯಾರಿರುತ್ತಾರೆ? ದಿನಾ ಯಾರು ಓಡಾಡಿಸುತ್ತಾರೆ? ಮುದಿಯಾದಾಗ ಯಾರು ನೋಡುತ್ತಾರೆ? ಇದಕ್ಕೆಲ್ಲ ಮನೆಮಂದಿಯಿಂದ ನೇರ ಉತ್ತರ ಬಂದರೆ, ನಮ್ಮದೇ ಬೀದಿಯ ತಿರುವಿನಲ್ಲಿ ಚಳಿಗೆ ಮುದುಡಿ ಮಲಗಿರುವ ಮರಿಯೂ ಆದೀತು.